ಮರೆಮ್ಮನ ಕಿವಿ

ಮರೆಮ್ಮ ಪುಣೆಗೆ ಬಂದದ್ದು ತೊಂಬತ್ತೆರಡರಲ್ಲಿ, ಗಂಡ ಅಂಬಾರಾಯನ ಬೆನ್ನ ಹಿಂದೆ, ಶಹಾಪುರದ ಕಡೆಯ ಒಂದು ಹಳ್ಳಿಯಿಂದ. ನಾನಾಗ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕಾರಕೂನ. ನಮ್ಮ ಕ್ವಾರ್ಟರ್ಸಿನ ಹಿಂದೆ ಗೋಡೆ ಕಟ್ಟಲು, ನೆಲಕ್ಕೆ ಫರಸಿಕಲ್ಲು ಹಾಸಲು ಬಂದ ಗುಂಪಿನಲ್ಲಿ ಅವರಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ನಾನು ಕಿಟಕಿಯಿಂದ ಮಾತಾಡಿಸಿದೆ. ಅಂದಿನಿಂದ ರೇಷನ್ ಕಾರ್ಡಿನ ಅರ್ಜಿ, ಮಗಳು ಭಾಗ್ಯಾಳ ಶಾಲೆಯ ಅರ್ಜಿ, ಏನಿದ್ದರೂ ನನ್ನ ಕಡೆಗೇ ಬರುತ್ತಿದ್ದರು. 'ಸಿದ್ರಾಮಪ್ಪಣ್ಣಾರ, ಒಂದೀಟು ಬರದು ಕೊಡ್ರಿ' ಎಂದು ಮರೆಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗೆ ಬಾ ಎಂದರೂ ಬರುತ್ತಿರಲಿಲ್ಲ.

ಅವಳಪ್ಪ ಕಲ್ಲು ಒಡೆಯುವವನು. ಫರಸಿ ಹೊರುವ ಮೊದಲು ಅವಳು ಪ್ರತಿಯೊಂದಕ್ಕೂ ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟುತ್ತಿದ್ದಳು. ಕೆಲವನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ನಾನು ಕೇಳಿದ್ದಕ್ಕೆ, 'ಇದು ಒಳಗ ಸೀಳ್ಯಾದ್ರಿ, ನಾಕು ದಿನಕ್ಕ ಬಿಡತದ' ಎಂದಿದ್ದಳು. ಮೇಸ್ತ್ರಿ ಬೈದು ಅದನ್ನೇ ನಮ್ಮ ವರಾಂಡದಲ್ಲಿ ಹಾಕಿಸಿದ. ಮಳೆಗಾಲ ಕಳೆಯುವುದರೊಳಗೆ ಉದ್ದಕ್ಕೆ ಸೀಳಿತು.

ತೊಂಬತ್ತೊಂಬತ್ತರಲ್ಲಿ ಕಾಶಪ್ಪ ಎಂಬ ಗುತ್ತಿಗೆದಾರ ಅವರನ್ನು ಚಾಕಣಕ್ಕೆ ಕರೆದೊಯ್ದ. ಅಫಜಲಪುರದ ಕಡೆಯವನು, ಕಾರ್ಖಾನೆಗಳಿಗೆ ನಮ್ಮ ಕಡೆಯ ಆಳುಗಳನ್ನು ತುಂಬುವುದೇ ಅವನ ಧಂದೆ. ಕಾರಿನ ಬಿಡಿಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆ ಅದು. ಮುಂದಿನ ಗಾಲಿಯನ್ನು ಹಿಡಿದು ತಿರುಗಿಸುವ ಒಂದು ದಪ್ಪ ಕಬ್ಬಿಣದ ತುಂಡು ಅಲ್ಲಿ ತಯಾರಾಗುತ್ತಿತ್ತು. ಅದನ್ನು ಎಲ್ಲರೂ ನಕಲ್ ಎನ್ನುತ್ತಿದ್ದರು. ಇಂಗ್ಲಿಷಿನ ಹೆಸರದು. ಮರೆಮ್ಮನಿಗೆ ಅದೊಂದು ನಗೆ. 'ನಕಲಿ ಅಂತ ಹೆಸರಿಟ್ಟು ಅಸಲಿ ಮಾಲು ಮಾಡ್ತಾರ ನೋಡ್ರಿ' ಎನ್ನುತ್ತಿದ್ದಳು.

ಮೊದಲು ಅವಳ ಕೆಲಸ ಎರಕದ ಅಚ್ಚಿನಿಂದ ಬಿದ್ದ ಉಸುಕು ಗುಡಿಸುವುದು. ಒಂದು ದಿನ ಗಾಡಿಗೆ ತುಂಬಿದ ಮಾಲಿನಿಂದ ನಾಲ್ಕು ತುಂಡು ಎತ್ತಿ ಕೆಳಗಿಟ್ಟಳು. ಸೂಪರ್‌ವೈಜರ್ ಓಡಿ ಬಂದು ಕೂಗಾಡಿದ. 'ಇವು ಚಲೋ ಇಲ್ರಿ, ಬದ್ದ ಅಂತಾವ' ಎಂದು ಕೈಸನ್ನೆಯಲ್ಲಿ, ಹರಕು ಮರಾಠಿಯಲ್ಲಿ ಹೇಳಿದಳು. ಅವಳ ಸೊಕ್ಕು ಇಳಿಸಲೆಂದೇ ಅವನು ನಾಲ್ಕನ್ನೂ ಕೊಯ್ಯಿಸಿ ನೋಡಿದ. ಮೂರರೊಳಗೆ ಕೂದಲೆಳೆಯಂಥ ಬಿರುಕಿತ್ತು. ಮಾರನೆಯ ದಿನದಿಂದ ಅವಳಿಗೆ ಒಂದು ಕೊಕ್ಕೆ, ಒಂದು ಸಣ್ಣ ಸುತ್ತಿಗೆ ಕೊಟ್ಟು ನಿಲ್ಲಿಸಿದರು. ಕೊಕ್ಕೆಗೆ ತೂಗಿಬಿಟ್ಟ ಮಾಲಿಗೆ ಒಂದು ಪೆಟ್ಟು. ಣಂಗೆಂದು ಉದ್ದಕ್ಕೆ ಹಾಡಿದರೆ ಮುಂದಕ್ಕೆ, ಮೊಟಕಾದರೆ ಪಕ್ಕಕ್ಕೆ. ದಿನಕ್ಕೆ ಎಂಟು ತಾಸು, ಐದು ವರ್ಷ ಹೀಗೇ.

ಆ ಶೆಡ್ಡಿನಲ್ಲಿ ಉಳಿದವರಿಗೆಲ್ಲ ಕಿವಿಗೆ ತುರುಕಿಕೊಳ್ಳಲು ಹಳದಿ ಬಿರಡೆ ಕೊಟ್ಟಿದ್ದರು. ಮರೆಮ್ಮ ಕೇಳಿದಾಗ ಸೂಪರ್‌ವೈಜರ್ ನಕ್ಕ. 'ನೀನು ಕಿವಿ ಮುಚ್ಚಿಕೊಂಡರೆ ಮಾಲು ಯಾರು ಕೇಳಬೇಕು, ನಿನ್ನಪ್ಪನೇ?' ಎಂದ.

ಎರಡು ಸಾವಿರದ ನಾಲ್ಕರ ಜೂನಿನಲ್ಲಿ ನೀತಾ ಬಂದಳು. ಸದಾಶಿವ ಪೇಠದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹೊಳಬಸಪ್ಪನವರ ಮಗಳು. ಬಿಜಾಪುರದ ಕಡೆಯ ಮನೆತನ, ಮೂರು ತಲೆಮಾರಿನಿಂದ ಪುಣೆಯಲ್ಲೇ ಇದ್ದವರು. ಕಂಪ್ಯೂಟರ್ ಓದಿದ್ದಳು, ಇಪ್ಪತ್ತನಾಲ್ಕರ ವಯಸ್ಸು, ಒಂದು ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಮಾಲಿನ ಸಪ್ಪಳ ಕೇಳಿ ಬಿರುಕು ಹಿಡಿಯುವ ಯಂತ್ರ ಮಾಡಿಕೊಡಲು ಕಾರ್ಖಾನೆ ಆ ಕಂಪನಿಗೆ ಹೇಳಿತ್ತು. ಮರೆಮ್ಮನ ಕೊಕ್ಕೆಯ ಮೇಲೆ ಒಂದು ಮೈಕು ಇಳಿಬಿಟ್ಟಳು. ಪಕ್ಕದಲ್ಲಿ ಧೂಳು ಹೋಗದಂತೆ ಗಾಜಿನ ಪೆಟ್ಟಿಗೆ ಮಾಡಿ ಕಂಪ್ಯೂಟರ್ ಇಟ್ಟಳು. ಮರೆಮ್ಮನ ಕೈಗೆ ಎರಡು ಗುಂಡಿ ಬಂದವು: ಮಾಲು ಚಲೋ ಇದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಪ್ರತಿ ಪೆಟ್ಟಿನ ಸಪ್ಪಳವೂ ಅವಳು ಒತ್ತಿದ ಗುಂಡಿಯೂ ಕೂಡಿಯೇ ಒಳಗೆ ಹೋಗಿ ದಾಖಲಾಗುತ್ತಿದ್ದವು.

ಐದು ವರ್ಷದಲ್ಲಿ ಆ ಶೆಡ್ಡಿನಲ್ಲಿ ಅವಳನ್ನು ಕನ್ನಡದಲ್ಲಿ, ಮರ್ಯಾದೆಯಿಂದ ಮಾತಾಡಿಸಿದವಳು ಆ ಹುಡುಗಿ ಒಬ್ಬಳೇ.

ಒಂದು ದಿನ ಪರದೆಯ ಮೇಲೆ ಏರಿಳಿಯುವ ಗೆರೆ ನೋಡಿ ಮರೆಮ್ಮ ನೀತಾಳನ್ನು ಕೇಳಿದಳು: 'ಇದೇನ್ರಿ ಬಾಯಾರ, ನಮ್ಮೂರ ಗುಡ್ಡ ಕಂಡಂಗ ಕಾಣ್ತಾವ?'

'ಒಂದೊಂದು ಗುಡ್ಡ ಒಂದೊಂದು ಸ್ವರ, ಮರೆವ್ವ. ನೀ ಬಡದಾಗ ಕಬ್ಬಿಣ ಒಂದೇ ಸ್ವರ ಹೇಳಂಗಿಲ್ಲ, ಹತ್ತಾರು ಕೂಡೇ ಹೇಳ್ತದ. ಒಳಗ ಬಿರುಕಿದ್ರ ಒಂದು ಗುಡ್ಡ ತುಸು ಆಚೆ ಸರೀತದ. ನಿನ್ನ ಕಿವಿ ಅದನ್ನ ಹಿಡೀತದ. ಹೆಂಗ ಹಿಡೀತದ ಅನ್ನೋದನ್ನ ನಾನು ಇದಕ್ಕ ಕಲಸಬೇಕು.'

'ಇದು ಕಲ್ತ ಮ್ಯಾಲ ನಾ ಏನ ಮಾಡ್ಲಿ?'

'ನೀ ಇದನ್ನ ನೋಡ್ಕೋತ ಕೂಡು. ಕುರ್ಚಿ ಮ್ಯಾಲೆ.'

ಮರೆಮ್ಮ ನಂಬಿದಳು. ಮನೆಗೆ ಬಂದು ಅಂಬಾರಾಯನಿಗೂ ಹೇಳಿದಳು, ಮುಂದಿನ ವರ್ಷ ಕುರ್ಚಿ ಕೊಡ್ತಾರಂತ. ಅವನು ಮುಖ ತಿರುವಿ, 'ಕುರ್ಚಿ ಮ್ಯಾಲೆ ಕುಂದರೋ ಮಾರಿ ನೋಡು' ಎಂದ. ಆ ವರ್ಷ ಭಾಗ್ಯಾ ಹತ್ತನೆಯ ತರಗತಿ ಮುಗಿಸಿದ್ದಳು. ನೀತಾ ತಾನೇ ಫಾರ್ಮು ತಂದು ತುಂಬಿಸಿ ಅವಳನ್ನು ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿಸಿದಳು. ಈ ಒಂದು ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಅಕ್ಟೋಬರಿನಲ್ಲಿ ಕಾರ್ಖಾನೆ ಒಂದು ಹೊಸ ಯಂತ್ರ ತರಿಸಿತು. ಎರಕದ ಮಾಲಿನ ಮೇಲೆ ಉಕ್ಕಿನ ಸಣ್ಣ ಗುಂಡುಗಳನ್ನು ರಭಸದಿಂದ ಉಗುಳಿ ಹೊಲಸು ತೆಗೆಯುವ ಯಂತ್ರ. ಎಲ್ಲೂ ಜಾಗವಿಲ್ಲವೆಂದು ಅದನ್ನು ಮರೆಮ್ಮನಿಂದ ಐದು ಮಾರು ದೂರದಲ್ಲಿ ನಿಲ್ಲಿಸಿದರು. ತಗಡಿನ ಮೇಲೆ ಆಲಿಕಲ್ಲು ಎಂಟು ತಾಸು ಸುರಿದ ಹಾಗೆ ಅದರ ಸಪ್ಪಳ. ನೀತಾ ಮೈಕಿಗೆ ಸುತ್ತ ದಪ್ಪ ಸ್ಪಂಜು ಕಟ್ಟಿದಳು. ಯಂತ್ರದ ಸದ್ದನ್ನು ಸೋಸಿ ತೆಗೆಯುವಂತೆ ಪ್ರೋಗ್ರಾಮು ಬದಲಿಸಿದಳು. ಮರೆಮ್ಮ ಮುಖ ಕೊಕ್ಕೆಯ ಹತ್ತಿರ ತಂದು ಬಡಿಯತೊಡಗಿದಳು.

ಮರು ವರ್ಷ ಏಪ್ರಿಲಿನಲ್ಲಿ ನೀತಾ ತಾನು ಓದಿದ ಕಾಲೇಜಿನಲ್ಲಿ ಮಾತಾಡುವವಳಿದ್ದಳು. ಕಂಪ್ಯೂಟರ್ ವಿಜ್ಞಾನ ಎಲ್ಲೆಲ್ಲಿ ಕೆಲಸಕ್ಕೆ ಬರುತ್ತದೆ ಎಂದು ವಿದ್ಯಾರ್ಥಿಗಳಿಗೆ ಹುರುಪು ತುಂಬುವ ಕಾರ್ಯಕ್ರಮ. 'ನೀನೂ ಬಾ ಮರೆವ್ವ, ಭಾಗ್ಯಾನೂ ಕರಕೊಂಡು ಬಾ' ಎಂದಳು. ಮರೆಮ್ಮ ಇಳಕಲ್ ಸೀರೆ ಉಟ್ಟಳು. ಮುಂದಿನ ಸಾಲಿನಲ್ಲಿ ಕೂಡಿಸಿದರು. ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವಳು ಭಾಗ್ಯಾ.

ನೀತಾ ಮರಾಠಿ, ಇಂಗ್ಲಿಷು ಕೂಡಿಸಿ ಮಾತಾಡಿದಳು. ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಕಬ್ಬಿನ ಲಾರಿಗಳು ದಿನಗಟ್ಟಲೆ ಕಾಯದಂತೆ ಸರದಿ ಕಟ್ಟುವ ಲೆಕ್ಕ, ಲಕೋಟೆಯ ಮೇಲಿನ ಕೈಬರಹ ಓದುವ ಯಂತ್ರ, ಹೀಗೆ ಎರಡು ಮೂರು ಹೇಳಿ, ಕಬ್ಬಿಣದ ಸಪ್ಪಳಕ್ಕೆ ಬಂದಳು. ಪರದೆಯ ಮೇಲೆ ಮರೆಮ್ಮನ ಕೈ, ಸುತ್ತಿಗೆ, ಕೊಕ್ಕೆ ಮೂಡಿದವು. ಮರೆಮ್ಮ ಮಗಳ ತೋಳು ಚಿವುಟಿ ನಕ್ಕಳು.

'ಡಿಸೆಂಬರಿನ ತನಕ ಕಂಪ್ಯೂಟರ್ ಚೆನ್ನಾಗಿ ಕಲಿಯುತ್ತಿತ್ತು,' ನೀತಾ ಹೇಳುತ್ತಿದ್ದಳು. 'ಆಮೇಲೆ ಅದರ ಉತ್ತರವೂ ಆಪರೇಟರಿನ ಉತ್ತರವೂ ಬೇರೆ ಬೇರೆ ಬರತೊಡಗಿದವು. ನನ್ನ ಪ್ರೋಗ್ರಾಮಿನಲ್ಲೇ ತಪ್ಪಿದೆ ಎಂದು ಮೂರು ವಾರ ಹುಡುಕಿದೆ. ಸಿಗಲಿಲ್ಲ. ಕೊನೆಗೆ ಇನ್ನೂರು ತುಂಡು ಕೊಯ್ಯಿಸಿ ನೋಡಿದೆವು. ಕಂಪ್ಯೂಟರ್ ಹೇಳಿದ್ದೇ ಸರಿ ಇತ್ತು. ತಪ್ಪಿದ್ದು ಅದರ ಗುರು!'

ಸಭೆ ನಕ್ಕಿತು.

ಪರದೆಯ ಮೇಲೆ ಹೊಸ ಗೆರೆ ಬಂತು. ಜುಲೈಯಲ್ಲಿ ನೂರಕ್ಕೆ ತೊಂಬತ್ತೆಂಟು, ಅಕ್ಟೋಬರಿನ ತನಕ ನೇರ, ಅಲ್ಲಿಂದ ಇಳಿಜಾರು, ಮಾರ್ಚಿನಲ್ಲಿ ಅರವತ್ತೊಂದು. ಕೆಳಗೆ 'ಆಪರೇಟರ್ ಎ' ಎಂದು ಬರೆದಿತ್ತು. ಸೂಕ್ಷ್ಮ ಬಿರುಕು ಬರೀ ತೀರ ಎತ್ತರದ ಸ್ವರದಲ್ಲಿ ಕಾಣುತ್ತದೆ, ಆ ಸ್ವರ ಈ ಹೆಣ್ಣುಮಗಳಿಗೆ ಈಗ ಕೇಳುವುದಿಲ್ಲ, ಎಂದು ನೀತಾ ವಿವರಿಸಿದಳು. 'ನಾವು ಕಬ್ಬಿಣದ ಪರೀಕ್ಷೆ ಮಾಡುತ್ತಿದ್ದೆವು. ನಾವು ಕೇಳದೆಯೇ ಕಂಪ್ಯೂಟರ್ ಒಬ್ಬರ ಕಿವಿಯ ಪರೀಕ್ಷೆ ಮಾಡಿಬಿಟ್ಟಿತ್ತು. ಆಕೆಗೇ ಇನ್ನೂ ಗೊತ್ತಿಲ್ಲ. ವಿಜ್ಞಾನದ ಸೊಗಸು ಇದು.'

ಜೋರು ಚಪ್ಪಾಳೆ. ಪ್ರಿನ್ಸಿಪಾಲರು ಆಕೆ ಯಾರೆಂದು ಕೇಳಿದರು. ನೀತಾ ಕೆಳಗೆ ನೋಡಿ ಕೈ ಮಾಡಿ, ಕನ್ನಡದಲ್ಲಿ, 'ಮರೆವ್ವ, ಏಳು, ಎಲ್ಲಾರೂ ನಿನ್ನ ನೋಡಬೇಕಂತ' ಎಂದಳು. ಮರೆಮ್ಮ ಸೆರಗು ಸರಿಮಾಡಿಕೊಂಡು ಎದ್ದು, ಸಭೆಗೆ ತಿರುಗಿ ಕೈ ಮುಗಿದಳು. ಇನ್ನೂರು ಮಂದಿ ಅವಳ ಕಿವಿಯನ್ನೇ ನೋಡಿದರು. ಭಾಗ್ಯಾ ತಲೆ ಬಗ್ಗಿಸಿ ಕೂತಿದ್ದಳು.

ಬಸ್ಸಿನಲ್ಲಿ ಮರೆಮ್ಮ ದಾರಿಯುದ್ದಕ್ಕೂ ಮಾತಾಡಿದಳು. 'ಏನೇನ ಹೇಳಿದ್ರ ಬಾಯಾರು? ಅಷ್ಟು ಮಂದಿ ಯಾಕ ಚಪ್ಪಾಳಿ ಹೊಡದ್ರು?'

'ನೀ ಭಾಳ ಚಲೋ ಕೆಲಸ ಮಾಡಿ ಅಂದ್ರವ್ವ' ಎಂದಳು ಭಾಗ್ಯಾ.

ಅದು ಶನಿವಾರ. ಸೋಮವಾರ ಮುಂಜಾನೆ ಮರೆಮ್ಮ ಕಾರ್ಖಾನೆಯ ಗೇಟಿನಲ್ಲಿ ಸಾಲು ನಿಂತಿದ್ದಾಗ ಕಾಶಪ್ಪ ಅವಳ ಬೆನ್ನ ಹಿಂದೆ ಬಂದು ನಿಂತ. ಜೊತೆಗೆ ಸೂಪರ್‌ವೈಜರ್, ಇನ್ನಿಬ್ಬರು. ಕಾಶಪ್ಪ ಮೆಲ್ಲಗೆ, 'ಮರೆಮ್ಮ' ಎಂದ. ಅವಳು ತಿರುಗಲಿಲ್ಲ. ತುಸು ಜೋರಾಗಿ ಕರೆದ. ಮೂರನೆಯ ಸಲ, ನಾಲ್ಕನೆಯ ಸಲ. ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಗತೊಡಗಿದರು. ಐದನೆಯ ಸಲ ಅವನು ಕಿರುಚಿದಾಗ ಬೆಚ್ಚಿ ತಿರುಗಿ, 'ಏನ್ರೀ ಯಪ್ಪಾ' ಎಂದಳು. ಗೇಟಿನ ವಾಚಮನ್ನನೂ ನಕ್ಕ.

'ನೋಡ್ರಿ ಸಾಹೇಬ್ರ, ಕಿವಡಿ. ಖರೇನ ಕಿವಡಿ' ಎಂದ ಕಾಶಪ್ಪ.

ಮಾರ್ಚಿನಲ್ಲಿ ಕಾರಿನ ಕಾರ್ಖಾನೆಯಿಂದ ಒಂದು ಲಾರಿ ಮಾಲು ವಾಪಸು ಬಂದಿತ್ತಂತೆ. ಆ ತಪ್ಪು ಯಾರ ತಲೆಗೆ ಕಟ್ಟಬೇಕೆಂದು ಮ್ಯಾನೇಜರು ಹುಡುಕುತ್ತಿದ್ದರು. ನೀತಾಳ ಗೆರೆ ದಾರಿ ತೋರಿಸಿತು. ಕಾಶಪ್ಪ ಮರಾಠಿಯಲ್ಲಿ ಟೈಪು ಮಾಡಿದ ಒಂದು ಕಾಗದ ಚಾಚಿ, 'ಕಿವಿ ಡಾಕ್ಟರ್ ಕಡೆ ಕಳಸ್ತೀವಿ, ಸಹಿ ಮಾಡು' ಎಂದ. ಮರೆಮ್ಮನಿಗೆ ಹೆಸರು ಬರೆಯಲು ಮಾತ್ರ ಬರುತ್ತಿತ್ತು, ಅದೂ ಕನ್ನಡದಲ್ಲಿ. ಬರೆದಳು. 'ಕೆಲಸಕ್ಕೆ ಸೇರುವ ಮೊದಲಿನಿಂದಲೇ ನನಗೆ ಕಿವಿ ಮಂದವಿತ್ತು, ಅದನ್ನು ಮುಚ್ಚಿಟ್ಟು ಸೇರಿಕೊಂಡೆ' ಎಂದಿತ್ತು ಆ ಕಾಗದದಲ್ಲಿ. ಆಮೇಲೆ ಸುತ್ತಿಗೆ ಕಸಿದುಕೊಂಡು ಅವಳನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದರು.

ಅದರ ನಕಲು ಪ್ರತಿಯನ್ನು ಮನೆಯಲ್ಲಿ ಓದಿದವಳು ಭಾಗ್ಯಾ. ಓದಿ, ಅದರಲ್ಲಿದ್ದದ್ದನ್ನು ತಾಯಿಗೆ ಹೇಳಿದಳು. ಮರೆಮ್ಮ ಮಗಳ ಎದುರಿಗೆ ಬಂದು ಕೂತಳು.

'ಶನಿವಾರ ಬಾಯಾರು ಹೇಳಿದ್ದು ಇದೇ ಏನು?'

'ಹೌದವ್ವ.'

'ನಿನಗ ಗೊತ್ತಿತ್ತು.'

'ಗೊತ್ತಿತ್ತು.'

'ನಾ ಕೈ ಮುಗದು ನಿಂತಾಗ ನೀ ನನ್ನ ಸೀರಿ ಹಿಡದು ಜಗ್ಗಬೇಕಾಗಿತ್ತು' ಎಂದಳು ಮರೆಮ್ಮ. ಅಷ್ಟೇ. ಅಂಬಾರಾಯ ಮೂಲೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದ. ಅಂದಿನಿಂದ ಅವನಿಗೆ ಒಂದು ಹೊಸ ಆಟ ಸಿಕ್ಕಿತು. ಹೆಂಡತಿ ಬೆನ್ನು ಮಾಡಿ ರೊಟ್ಟಿ ಬಡಿಯುವಾಗ ಅವಳಿಗೆ ಬಾಯಿಗೆ ಬಂದಂತೆ ಬೈಯುವುದು, ಅವಳು ತಿರುಗಿದರೆ ನಗುವುದು. ಓಣಿಯ ಗಂಡಸರನ್ನೂ ಕರೆದು ಒಮ್ಮೆ ಆಡಿ ತೋರಿಸಿದ.

ನನ್ನ ಕಡೆ ತಾಯಿ ಮಗಳು ಬಂದಾಗ ನಾನು ನಿವೃತ್ತನಾಗಿ ಒಂದು ವರ್ಷ. ಪರಿಹಾರ ಕೊಡಿಸಿರೆಂದು ಮರೆಮ್ಮ ಕೇಳಲಿಲ್ಲ. 'ನಾ ಬರೂ ಮುಂದ ಕಿವಿ ಚಲೋ ಇತ್ತು, ಸುಳ್ಳು ಹೇಳಿ ಸೇರಿಲ್ಲ, ಅಂತ ಅವ್ರು ಬರದು ಕೊಡ್ಲಿ. ಅಷ್ಟ ಸಾಕ್ರಿ ಅಣ್ಣಾರ' ಎಂದಳು. ಭಾಗ್ಯಾ ಆ ಗೆರೆಯನ್ನು ನನ್ನ ವಹಿಯಲ್ಲಿ ನೆನಪಿನಿಂದ ಬರೆದು ತೋರಿಸಿದಳು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಗದ ನೋಡಿದವನು ನಾನು. ಜುಲೈಯಲ್ಲಿ ತೊಂಬತ್ತೆಂಟು. ಅಕ್ಟೋಬರಿನಲ್ಲಿ ಹೊಸ ಯಂತ್ರ. ಅಲ್ಲಿಂದಲೇ ಇಳಿತ. ಅವಳ ಕಿವಿ ಹೋದದ್ದು ಎಲ್ಲಿ, ಯಾವಾಗ, ಯಾವುದರಿಂದ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇರಲಿಲ್ಲ. ಅದು ಇದ್ದದ್ದು ನೀತಾಳ ಹತ್ತಿರ.

ಮೂವರೂ ಸದಾಶಿವ ಪೇಠಕ್ಕೆ ಹೋದೆವು. ಹೊಳಬಸಪ್ಪನವರು ಬಾಗಿಲು ತೆಗೆದು, ನನ್ನ ಮಾತು ಕೇಳಿ, 'ಬರ್ರಿ, ಬರ್ರಿ, ನಮ್ಮ ಕಡೆಯವರು' ಎಂದು ಕುರ್ಚಿ ಕೊಟ್ಟು ನೀರು ತರಿಸಿದರು. ತಾಯಿ ಮಗಳು ಚಪ್ಪಲಿ ಬಿಡುವ ಜಾಗದಲ್ಲೇ ನಿಂತಿದ್ದರು. ಅವರಿಗೆ ಯಾರೂ ಕೂಡು ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆ ಆಗುತ್ತಿದೆ.

ನೀತಾ ಒಳಗಿನಿಂದ ಬಂದಳು. ಮುಖ ಸಣ್ಣದಾಗಿತ್ತು. ನಾನು ವಿಷಯ ಹೇಳಿದೆ.

'ಆ ದಾಖಲೆ ಕಂಪನೀದ್ರಿ, ಕಾಕಾ. ಹೊರಗ ಕೊಡಂಗಿಲ್ಲ ಅಂತ ನಾ ಬರಕೊಟ್ಟೀನಿ.'

ಮರೆಮ್ಮ ಅವಳ ತುಟಿಯನ್ನೇ ನೋಡುತ್ತಿದ್ದಳು. 'ಬಾಯಾರ, ಆ ಸಪ್ಪಳ ನಂದಲ್ಲೇನ್ರಿ? ಹತ್ತು ತಿಂಗಳು ಬಡದೀನಿ.'

'ಸಪ್ಪಳ ಕಬ್ಬಿಣದ್ದು, ಮರೆವ್ವ.'

'ಗುಂಡಿ ಒತ್ತಿದಾಕಿ?'

ನೀತಾ ದನಿ ಏರಿಸಿದಳು. 'ನಾ ಹೇಳದಿದ್ರ ಏನ ಆಗ್ತಿತ್ತು ಗೊತ್ತದ ಏನು? ಆ ಬಿರುಕಿನ ಮಾಲು ಕಾರಿಗೆ ಹೋಗಿ, ರಸ್ತಾದಾಗ ಮುರದು ಮಂದಿ ಸಾಯ್ತಿದ್ರು. ಸಣ್ಣ ಮಕ್ಕಳು ಇರ್ತಾರ ಕಾರಿನಾಗ. ನಿನ್ನ ಮಾರಿ ನೋಡಿ ಸುಮ್ಮ ಕೂಡಬೇಕಾಗಿತ್ತೇನು?'

ಅದು ಸುಳ್ಳಲ್ಲ. ಮರೆಮ್ಮನೂ ತಲೆಯಾಡಿಸಿದಳು. 'ಹೇಳಬೇಕಾಗಿತ್ತು ಬಾಯಾರ,' ಎಂದಳು. 'ಮದಲ ನನಗ ಹೇಳಬೇಕಾಗಿತ್ತು.'

ನೀತಾ ಇದನ್ನು ಎಂದೂ ಯೋಚಿಸಿರಲಿಲ್ಲ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಹೊಳಬಸಪ್ಪನವರು ಎದ್ದು ನಿಂತರು. 'ಆತಲ್ಲ, ಹುಡುಗಿ ಕಲತದ್ದು ನಮ್ಮ ನೀತಾನ ಉಪಕಾರದಿಂದ, ಈಗ ಮನಿ ಬಾಗಲಿಗೆ ಬಂದು ಜಗಳಾ ಮಾಡೂದು. ಹೊಂಡ್ರಿ' ಎಂದರು. ಆ 'ಹೊಂಡ್ರಿ' ನನಗೂ ಸೇರಿತ್ತು.

ನೀತಾಳ ಯಂತ್ರ ಚೆನ್ನಾಗಿಯೇ ನಡೆಯಿತು. ಕಾರ್ಖಾನೆಯ ಮೂರೂ ಸಾಲಿಗೆ ಹಾಕಿದರು, ಮಾಲು ವಾಪಸು ಬರುವುದು ನಿಂತಿತು. ಮರೆಮ್ಮ ಒಂದು ವರ್ಷ ಎಲ್ಲೆಲ್ಲೋ ಕೂಲಿ ಮಾಡಿದಳು. ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಕೂಗಿದ್ದು ಕೇಳದೆ ಇಟ್ಟಿಗೆ ಹೆಗಲಿಗೆ ಬಿದ್ದ ಮೇಲೆ ಯಾವ ಮೇಸ್ತ್ರಿಯೂ ಅವಳನ್ನು ಹತ್ತಿರ ಸೇರಿಸಲಿಲ್ಲ. ಚಾಕಣದ ಉಳ್ಳಾಗಡ್ಡಿ ಪೇಟೆಯಲ್ಲಿ ಕೊಳೆತದ್ದನ್ನು ಆರಿಸಿ ತೆಗೆಯುವ ಹೆಂಗಸರ ಸಾಲಿನಲ್ಲಿ ಹೋಗಿ ಕೂತಳು.

ಎರಡು ಸಾವಿರದ ಏಳರಲ್ಲಿ ಭಾಗ್ಯಾ ಡಿಪ್ಲೊಮಾ ಮುಗಿಸಿದಳು. ನೀತಾ ಫೋನು ಮಾಡಿ ತನ್ನ ಕಂಪನಿಯಲ್ಲೇ ಕೆಲಸ ಕೊಡುತ್ತೇನೆಂದಳು. ಭಾಗ್ಯಾ ಹೂಂ ಎಂದಳು. ನನಗೆ ಮಾತ್ರ ಗುಟ್ಟು ಹೇಳಿದಳು: 'ಅವ್ವನ ದಾಖಲೆ ತಗೊಂಡು ಬರ್ತೀನಿ ಕಾಕಾ.' ಮರೆಮ್ಮನಿಗೆ ಇದು ಗೊತ್ತಿರಲಿಲ್ಲ. ಮಗಳು ಅದೇ ಬಾಯಾರ ಕೈಕೆಳಗೆ ಸೇರಿದಳೆಂದು ತಿಳಿದು ನಾಲ್ಕು ತಿಂಗಳು ಅವಳ ಜೊತೆ ಮಾತು ಬಿಟ್ಟಳು.

ಭಾಗ್ಯಾ ಹುಡುಕಿದಳು. ಸಪ್ಪಳದ ದಾಖಲೆಗಳು ಇರಲಿಲ್ಲ. ಆಗಿನ ಡಿಸ್ಕು ಸಣ್ಣದು, ಜಾಗ ಸಾಲದೆ ಹಳೆಯ ತಿಂಗಳುಗಳ ಮೇಲೆಯೇ ಹೊಸವನ್ನು ಬರೆದಿದ್ದರು. ಕಿವಿ ಚಲೋ ಇದ್ದ ತಿಂಗಳುಗಳೇ ಮೊದಲು ಅಳಿಸಿದ್ದವು. ಅವುಗಳಿಂದ ಕಂಪ್ಯೂಟರ್ ಕಲಿತದ್ದು ಮಾತ್ರ ಒಳಗೆ ಅಂಕಿಗಳಾಗಿ ಉಳಿದಿತ್ತು, ಅದನ್ನು ಯಾರೂ ಬಿಚ್ಚಿ ಓದುವಂತಿರಲಿಲ್ಲ. ಉಳಿದದ್ದು ಭಾಷಣದ ಆ ಒಂದು ಗೆರೆ, ನೀತಾ ಅದನ್ನು ಇನ್ನೂ ಅಲ್ಲಲ್ಲಿ ತೋರಿಸುತ್ತಿದ್ದಳು. ಭಾಗ್ಯಾ ಅದನ್ನು ಮುದ್ರಿಸಿಕೊಂಡು ಬಂದಳು. ನಾವಿಬ್ಬರೂ ಅರ್ಜಿ ಬರೆದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆವು. ಅಧಿಕಾರಿ ಕನ್ನಡಕ ಏರಿಸಿ ನೋಡಿದ.

'ಇಲ್ಲಿ ಆಪರೇಟರ್ ಎ ಎಂದಿದೆ. ನಿಮ್ಮ ತಾಯಿಯ ಹೆಸರು?'

'ಮರೆಮ್ಮ.'

'ಅದು ಎ ಇಂದ ಎಲ್ಲಿ ಶುರುವಾಗುತ್ತದೆ?' ಎಂದು ಕಾಗದ ಹಿಂದಕ್ಕೆ ಸರಿಸಿದ. ಕಾಶಪ್ಪ ತನ್ನ ಹಾಜರಿಯಲ್ಲಿ ಅವಳ ಹೆಸರನ್ನು ಕಸ ಗುಡಿಸುವವರ ಪಟ್ಟಿಯಲ್ಲೇ ಉಳಿಸಿದ್ದ. ಸುತ್ತಿಗೆ ಹಿಡಿದವಳು ಅವಳೇ ಎನ್ನಲು ಬರಹದಲ್ಲಿ ಎಲ್ಲೂ ಒಂದು ಅಕ್ಷರವಿರಲಿಲ್ಲ. ಅವಳು ಸಹಿ ಮಾಡಿದ ಕಾಗದ ಮಾತ್ರ ಭದ್ರವಾಗಿತ್ತು.

ಭಾಗ್ಯಾ ಕೆಲಸ ಬಿಡಲಿಲ್ಲ. ಬಿಟ್ಟರೆ ಮನೆ ನಡೆಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕೆಲಸ ಅವಳಿಗೆ ಹಿಡಿಸಿತ್ತು. ಇದನ್ನು ಅವಳೇ ನನಗೆ ಹೇಳಿದಳು, ನೆಲ ನೋಡುತ್ತ. ಮರು ವರ್ಷ ಒಂದು ಶಾಲೆಗೆ ನೀತಾಳ ಬದಲು ಇವಳನ್ನೇ ಮಾತಾಡಲು ಕಳಿಸಿದರು. ಆ ಗೆರೆ ಪರದೆಗೆ ಬಂದಾಗ ಭಾಗ್ಯಾ ಬರೆದುಕೊಂಡು ಹೋದದ್ದನ್ನು ಬಿಟ್ಟು, 'ಈ ಆಪರೇಟರ್ ನನ್ನ ತಾಯಿ, ಹೆಸರು ಮರೆಮ್ಮ' ಎಂದಳು. ಮಕ್ಕಳಲ್ಲಿ ಒಬ್ಬಳು ಕೈ ಎತ್ತಿದಳು. ತಾಯಿಯ ಬಗ್ಗೆ ಕೇಳುತ್ತಾಳೆಂದು ಭಾಗ್ಯಾ ಕಾದಳು.

'ಈಗ ಯಂತ್ರ ನೂರಕ್ಕೆ ಎಷ್ಟು ಸರಿ ಹೇಳುತ್ತದೆ ಮ್ಯಾಡಮ್?'

'ತೊಂಬತ್ತೊಂಬತ್ತು' ಎಂದಳು. ಮಕ್ಕಳು ವಹಿಯಲ್ಲಿ ಬರೆದುಕೊಂಡರು.

ನಾನು ಮರೆಮ್ಮನನ್ನು ಕಡೆಯ ಸಲ ಕಂಡದ್ದು ಎರಡು ಸಾವಿರದ ಒಂಬತ್ತರಲ್ಲಿ, ಚಾಕಣದ ಪೇಟೆಯಲ್ಲಿ. ಗೋಣಿತಟ್ಟಿನ ಮೇಲೆ ಕೂತು ಉಳ್ಳಾಗಡ್ಡಿ ಆರಿಸುತ್ತಿದ್ದಳು. ಹಿಂದಿನಿಂದ ಕರೆದೆ. ಪಕ್ಕದವಳು ಮೊಣಕೈಯಿಂದ ತಿವಿದ ಮೇಲೆ ತಿರುಗಿ, ನನ್ನನ್ನು ಗುರುತಿಸಿ, ಕೈ ಒರಸಿಕೊಂಡು ಎದ್ದು ನಿಂತಳು. ತಾಯಿ ಮಗಳ ನಡುವೆ ಮನಸ್ಸು ಸರಿಹೋಗಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

'ಭಾಗ್ಯಾ ಹೆಂಗದಾಳ?' ಎಂದು ಕೇಳಿದೆ. ಸುತ್ತ ಹಮಾಲರ ಗದ್ದಲ. ಇನ್ನೊಮ್ಮೆ, ಜೋರಾಗಿ ಕೇಳಿದೆ.

ಅವಳು ನನ್ನ ತುಟಿ ನೋಡಿ, ನಕ್ಕು, 'ಹೌದ್ರಿ ಅಣ್ಣಾರ, ಈ ವರ್ಷ ಮಾಲು ಭಾಳ ಬಂದಾದ' ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.